ಬೆಳೆಯುವ ಕೂಸಿಗೆ ಪಾಯಜಾಮ



ಗದಗ-ಬೆಟಗೇರಿಯಲ್ಲಾಗಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಲ್ಲಾಗಲಿ, ಯಾವ ಟೇಲರ್ ಅಂಗಡಿಯ ಕಟ್ಟೆಯ ಮೇಲೆ ಅರ್ಧ ತಾಸು ಕೂತರೂ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: “ಬೆಳಿಯೋ ಕೂಸೈತ್ರಿ, ಒಂಚೂರು ದೊಡ್ಡದಽ ಹೊಲೀರಿ.” ತಾಯಿಯ ಮಾತು ಸುಳ್ಳಲ್ಲ. ಟೇಲರ್ ತಲೆಯಾಡಿಸಿ, ಎಲ್ಲ ಕಡೆ ಎರಡೆರಡು ಇಂಚು ಬಿಟ್ಟು ಕತ್ತರಿ ಹಾಕುತ್ತಾನೆ. ಹಬ್ಬದ ದಿನ ಕೂಸು ತೋಳು ಮಡಚಿಕೊಂಡು, ಸೊಂಟಕ್ಕೆ ಪಿನ್ನು ಚುಚ್ಚಿಸಿಕೊಂಡು, ಕಾಲಿಗೆ ಸಿಗುವ ಅರಿವೆ ತುಳಿದು ಎಡವುತ್ತ ಓಡಾಡುತ್ತದೆ. ಆ ಅರಿವೆ ಮೈಗೆ ಸರಿಯಾಗಿ ಕೂಡುವ ಹೊತ್ತಿಗೆ ಬಣ್ಣ ಹೋಗಿ, ಮೊಣಕಾಲು ಹರಿದಿರುತ್ತದೆ. ಇತ್ತ ಇವತ್ತಿಗೂ ಆಗಲಿಲ್ಲ, ಅತ್ತ ನಾಳೆಗೂ ಉಳಿಯಲಿಲ್ಲ.

ದೊಡ್ಡದಾಗಿ ಹೊಲಿಯುವುದು ಬೇರೆ, ಬೆಳೆಯಲು ಜಾಗ ಬಿಟ್ಟು ಹೊಲಿಯುವುದು ಬೇರೆ. ಮಗುವಿನ ಮೈ ಎಲ್ಲ ಕಡೆ ಒಂದೇ ಸಮ ಬೆಳೆಯುವುದಿಲ್ಲ. ಎಲ್ಲಿ ಬೇಗ ಬೆಳೆಯುತ್ತದೆ, ಎಲ್ಲಿ ತಡವಾಗಿ ಬೆಳೆಯುತ್ತದೆ ಎಂಬುದು ಗೊತ್ತಿದ್ದರೆ, ಬೇಕಾದ ಕಡೆ ಮಾತ್ರ ಅರಿವೆಯನ್ನು ಒಳಗೆ ಅಡಗಿಸಿಟ್ಟು, ಬೇಕಾದಾಗ ಬಿಚ್ಚಿಕೊಳ್ಳಬಹುದು. ಎರಡರಿಂದ ಐದು ವರ್ಷದೊಳಗಿನ ಮಗುವಿಗೆ ರಾತ್ರಿ ಮಲಗುವಾಗ ಹಾಕುವ ಒಂದು ಪಾಯಜಾಮ ಮತ್ತು ಮೇಲಂಗಿಯನ್ನು ಮನೆಯಲ್ಲೇ ಹೊಲಿಯುತ್ತ, ಈ ಲೆಕ್ಕವನ್ನು ಇವತ್ತು ನಿಮ್ಮ ಮುಂದೆ ಬಿಚ್ಚಿಡುತ್ತೇನೆ.

ರಾತ್ರಿಯ ಅರಿವೆಯೇ ಯಾಕೆ? ಅದನ್ನು ಯಾರೂ ನೋಡುವುದಿಲ್ಲ ಎಂದು ನಾವು ಅದರ ಕಡೆ ಲಕ್ಷ್ಯ ಕೊಡುವುದಿಲ್ಲ. ಹಗಲು ಹಾಕಿದ್ದರಲ್ಲೇ ಮಲಗಿಸುತ್ತೇವೆ, ಇಲ್ಲವೇ ಬಿಗಿಯಾದ ಹಳೆಯ ಟಿ-ಶರ್ಟ್ ಏರಿಸುತ್ತೇವೆ. ಆದರೆ ಮೂರು-ನಾಲ್ಕು ವರ್ಷದ ಮಗುವಿಗೆ ದಿನಕ್ಕೆ 10ರಿಂದ 13 ತಾಸು ನಿದ್ದೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಅಂದರೆ ಹತ್ತಿರ ಹತ್ತಿರ ಅರ್ಧ ದಿನ. ಮದುವೆಗೆ ಒಂದು ದಿನ ಹಾಕುವ ಜರಿ ಅಂಗಿಗೆ ಸಾವಿರ ರೂಪಾಯಿ ಕೊಡುವ ನಾವು, ವರ್ಷದ ಅರ್ಧ ಭಾಗ ಮೈಮೇಲಿರುವ ಅರಿವೆಯನ್ನು ಸಿಕ್ಕಿದ್ದರಲ್ಲಿ ಮುಗಿಸುತ್ತೇವೆ. ಇನ್ನೊಂದು ಅನುಕೂಲವೂ ಇದೆ. ಹೊಸದಾಗಿ ಹೊಲಿಗೆ ಕಲಿಯುವವರ ಸೊಟ್ಟ ಹೊಲಿಗೆ ರಾತ್ರಿಯ ಅರಿವೆಯಲ್ಲಿದ್ದರೆ ಹೆಸರಿಡುವವರು ಯಾರೂ ಇರುವುದಿಲ್ಲ!

ಮೊದಲು ಅರಿವೆಯ ಮಾತು. ನಮ್ಮದು ಎರಿ ಭೂಮಿ, ಹತ್ತಿಯ ಸೀಮೆ. ಇಲ್ಲಿಯ ಜವಾರಿ ಹತ್ತಿ ಒಂದು ಕಾಲಕ್ಕೆ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗು ಏರುತ್ತಿತ್ತು, ಅದಕ್ಕೇ ವ್ಯಾಪಾರಿಗಳು ಅದನ್ನು ಕುಮಟಾ ಹತ್ತಿ ಎಂದೇ ಕರೆದರು. 1840ರ ದಶಕದಲ್ಲಿ ಕಂಪನಿ ಸರಕಾರ ಅಮೆರಿಕದ ಬೀಜ ತರಿಸಿ ಧಾರವಾಡ ಸೀಮೆಯಲ್ಲಿ ಬಿತ್ತಿಸಿತು. ಅದು ಗದಗ ಭಾಗದ ಕರಿನೆಲಕ್ಕೆ ಹೊಂದಿಕೊಂಡು ‘ಧಾರವಾಡ ಅಮೆರಿಕನ್’ ಎಂದು ಹೆಸರಾಯಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಾಗ, ನಮ್ಮ ರೈತರ ಹತ್ತಿಗೆ ಎಂದೂ ಕಾಣದ ಬೆಲೆ ಬಂತು. 1880ರ ದಶಕದಲ್ಲಿ ಗದಗಕ್ಕೆ ರೈಲು ಬಂದದ್ದರ ಹಿಂದೆಯೂ ಈ ಹತ್ತಿಯ ಅಂಡಿಗೆಗಳಿವೆ. ಹತ್ತಿ ಹೊರಗೆ ಹೋಯಿತು, ಗಿರಣಿಯ ಅರಿವೆ ಒಳಗೆ ಬಂತು. ಅಷ್ಟಾದರೂ ಬೆಟಗೇರಿಯ ನೇಕಾರ ಓಣಿಗಳಲ್ಲಿ ಮಗ್ಗದ ಸಪ್ಪಳ ನಿಲ್ಲಲಿಲ್ಲ.

ಇಂಥ ಊರಿನ ಮಕ್ಕಳು ಇವತ್ತು ಬೇಸಿಗೆಯ ರಾತ್ರಿ ಮಲಗುವುದು ಕಾರ್ಟೂನು ಚಿತ್ರದ ಪಾಲಿಯೆಸ್ಟರ್ ಸೂಟಿನಲ್ಲಿ. ಏಪ್ರಿಲ್-ಮೇ ತಿಂಗಳಲ್ಲಿ ಮುಂಡರಗಿಯ ಕಡೆ ಹಗಲು ಕಾದ ಮಾಳಿಗೆ ನಡುರಾತ್ರಿಯವರೆಗೆ ಆರುವುದಿಲ್ಲ. ಪಾಲಿಯೆಸ್ಟರ್ ಎಳೆ ನೀರು ಹೀರುವುದು ಬಹಳ ಕಡಿಮೆ. ಬೆವರು ಮೈಮೇಲೇ ನಿಲ್ಲುತ್ತದೆ, ಬೆಳಗಾದರೆ ಕೊರಳು, ಬೆನ್ನು, ತೊಡೆಸಂದಿಯ ತುಂಬ ಬೆವರುಸಾಲೆ. ಹತ್ತಿಯ ಎಳೆ ಬೆವರನ್ನು ತನ್ನೊಳಗೆ ಎಳೆದುಕೊಂಡು ಗಾಳಿಗೆ ಬಿಡುತ್ತದೆ. ನಮ್ಮ ಬಿಸಿಲಿಗೆ ಇದಕ್ಕಿಂತ ಬೇರೆ ಔಷಧ ಬೇಡ.

ಅಂಗಡಿಯವರು “ಪ್ಯೂರ್ ಕಾಟನ್ ಐತ್ರಿ” ಅನ್ನುತ್ತಾರೆ. ನಂಬಿಕೆ ಬರದಿದ್ದರೆ ಅಂಚಿನಿಂದ ಎರಡು ಎಳೆ ಜಗ್ಗಿ ಮನೆಗೆ ತನ್ನಿ. ಇಕ್ಕಳದಲ್ಲಿ ಹಿಡಿದು, ಕೆಳಗೆ ಸ್ಟೀಲ್ ತಾಟು ಇಟ್ಟು, ಮಕ್ಕಳನ್ನು ದೂರ ಕಳಿಸಿ ಕಡ್ಡಿ ಗೀರಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು, ಬೆರಳಲ್ಲಿ ತಿಕ್ಕಿದರೆ ಪುಡಿಯಾಗುವ ಬೂದಿ ಉಳಿಯುತ್ತದೆ. ಪಾಲಿಯೆಸ್ಟರಾದರೆ ಎಳೆ ಮುದುಡಿ, ಕರಗಿ, ತಣ್ಣಗಾದ ಮೇಲೆ ಗಟ್ಟಿ ಮಣಿಯಾಗುತ್ತದೆ. ಎರಡೂ ಕಂಡರೆ ಅದು ಮಿಶ್ರ ನೂಲು. ಹಾಸು ಹತ್ತಿಯದಾಗಿದ್ದು ಹೊಕ್ಕು ಬೇರೆಯದಾಗಿರುವ ಅರಿವೆಯೂ ಉಂಟು. ಹಾಗಾಗಿ ಉದ್ದದ ಕಡೆಯಿಂದ ಒಂದು, ಅಡ್ಡದ ಕಡೆಯಿಂದ ಒಂದು ಎಳೆ ತೆಗೆಯಬೇಕು.

ನೂಲಿನ ನಂಬರೂ ತಿಳಿದಿರಲಿ. ನೇಕಾರರು 40 ನಂಬರ್ ನೂಲು, 60 ನಂಬರ್ ನೂಲು ಅನ್ನುತ್ತಾರಲ್ಲ, ಅದು ಒಂದು ಪೌಂಡ್ ತೂಕದಲ್ಲಿ 840 ಗಜದ ಎಷ್ಟು ಲಡಿ ಬರುತ್ತವೆ ಎಂಬ ಲೆಕ್ಕ. ನಂಬರ್ ಏರಿದಷ್ಟೂ ನೂಲು ಸಣ್ಣ. ಮಗುವಿನ ಪಾಯಜಾಮಕ್ಕೆ 40ರ ಆಸುಪಾಸಿನದು ಬಾಳಿಕೆಗೂ ಸರಿ, ಮೆತ್ತಗೂ ಸರಿ. ಬೇಸಿಗೆಯ ಮೇಲಂಗಿಗೆ 60 ನಂಬರ್ ಇನ್ನೂ ಚಲೋ. ಗರಗ ಮತ್ತು ಬೆಂಗೇರಿಯ ಖಾದಿ ರಾಷ್ಟ್ರಧ್ವಜಕ್ಕೆ ಹೆಸರಾದದ್ದು ನಿಮಗೆ ಗೊತ್ತೇ ಇದೆ. ಆದರೆ ದಪ್ಪ ಖಾದಿ ಎಳೆಯ ಚರ್ಮಕ್ಕೆ ಒರಟು, ಹತ್ತಾರು ಸಲ ಒಗೆದ ಮೇಲೆ ಬೇಕಾದರೆ ಮಗುವಿಗೆ ಹೊಲಿಯಬಹುದು. ಆಷಾಢದ ಗಾಳಿಗೆ, ಧನುರ್ಮಾಸದ ಥಂಡಿಗೆ ಒಳಗೆ ತೆಳು ಹತ್ತಿಯ ಅಸ್ತರ ಕೊಟ್ಟರೆ ಸಾಕು. ಕಪ್ಪತಗುಡ್ಡದ ಮಗ್ಗುಲಿನ ಹಳ್ಳಿಗಳವರಿಗೆ ಆ ಗಾಳಿಯ ಪರಿಚಯ ನಾನು ಮಾಡಿಕೊಡಬೇಕಿಲ್ಲ.

ಹೊಸ ಅರಿವೆಯೇ ಆಗಬೇಕೆಂದೂ ಇಲ್ಲ. ನಮ್ಮ ಮನೆಗಳಲ್ಲಿ ಹಸುಗೂಸಿಗೆ ಮೊದಲು ಹಾಕುವುದು ಹಳೆಯ ಅರಿವೆ. ಅಜ್ಜನ ಧೋತರ, ಅಜ್ಜಿಯ ಹತ್ತಿ ಸೀರೆಯ ಸೆರಗಿನ ಕೆಳಗಿನ ಭಾಗ. ಶಾಸ್ತ್ರ ಅಂತ ಹೇಳಿದರೂ ಅದರ ಒಳಗೆ ವಿವೇಕವಿದೆ. ಮಗ್ಗದ ಮೇಲೆ ಹಾಸು ನೂಲಿಗೆ ಗಂಜಿ ಹಚ್ಚಿರುತ್ತಾರೆ, ಹೊಸ ಅರಿವೆ ಆ ಗಂಜಿಯಿಂದ ಬಿರುಸಾಗಿರುತ್ತದೆ. ವರ್ಷಗಟ್ಟಲೆ ಒಗೆದ ಅರಿವೆಯಲ್ಲಿ ಗಂಜಿಯೂ ಇಲ್ಲ, ಬಿಡುವ ಬಣ್ಣವೂ ಇಲ್ಲ, ಕುಗ್ಗುವ ಭಯವೂ ಇಲ್ಲ. ಹೊಸದನ್ನು ತಂದರೆ ಈ ಮೂರೂ ಕೆಲಸವನ್ನು ನೀವೇ ಮಾಡಬೇಕು. ರಾತ್ರಿಯಿಡೀ ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ಹಿಂಡದೆ ನೆರಳಲ್ಲಿ ಒಣಗಿಸಿ, ಇಸ್ತ್ರಿ ಮಾಡಿ, ಆಮೇಲೆ ಕತ್ತರಿ ಹಿಡಿಯಿರಿ. ನೆನೆಸದೆ ಹೊಲಿದ ಪಾಯಜಾಮ ಮೊದಲನೇ ಒಗೆತಕ್ಕೇ ಒಂದು ಇಂಚು ಮೇಲೇರಿದರೆ, ಮಗು ಬೆಳೆಯಿತೋ ಅರಿವೆ ಕುಗ್ಗಿತೋ ತಿಳಿಯುವುದಿಲ್ಲ.

ಬೆಳವಣಿಗೆಗೆ ಜಾಗ ಬಿಡುವ ಬುದ್ಧಿ ನಮ್ಮ ಅಜ್ಜಿಯರಿಗೆ ಇತ್ತು ಎಂಬುದಕ್ಕೆ ಕುಂಚಿಗಿಯೇ ಸಾಕ್ಷಿ. ಒಂದು ಉದ್ದನೆಯ ಖಣವನ್ನು ಮಡಚಿ, ಒಂದು ಕಡೆ ಮಾತ್ರ ಹೊಲಿದರೆ ತಲೆಗೆ ಟೊಪ್ಪಿಗೆ, ಬೆನ್ನಿಗೆ ಹೊದಿಕೆ ಎರಡೂ ಆಯಿತು. ತೋಳಿಲ್ಲ, ಕಂಕುಳಿಲ್ಲ. ತೊಟ್ಟಿಲ ದಿನ ಹಿಮ್ಮಡಿ ಮುಟ್ಟುತ್ತಿದ್ದ ಕುಂಚಿಗಿ ಎರಡನೇ ವರ್ಷಕ್ಕೆ ಸೊಂಟಕ್ಕೆ ಬರುತ್ತದೆ, ಅಷ್ಟೇ ವ್ಯತ್ಯಾಸ. ಗುಳೇದಗುಡ್ಡದ ಖಣದಲ್ಲಿ ಹೊಲಿದು, ಸುತ್ತಲೂ ಗೋಟು ಹಚ್ಚಿ, ಕೆಲವರು ಕಸೂತಿಯ ಗೋಪುರ, ತೇರು ಎತ್ತುತ್ತಿದ್ದರು. ಕುಂಚಿಗಿಗೆ ಅಳತೆಯೇ ಬೇಕಿಲ್ಲ. ಪಾಯಜಾಮಕ್ಕೆ ಬೇಕು, ಯಾಕೆಂದರೆ ಅದಕ್ಕೆ ಎರಡು ಕಾಲಿವೆ.

ಈಗ ಅಳತೆ. ಎರಡರಿಂದ ಐದು ವರ್ಷದವರೆಗೆ ಮಗು ವರ್ಷಕ್ಕೆ ಆರೇಳು ಸೆಂಟಿಮೀಟರ್, ಅಂದರೆ ಸುಮಾರು ಎರಡೂವರೆ ಇಂಚು ಎತ್ತರ ಬೆಳೆಯುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಕಾಲಿನದು. ಅಂದರೆ ವರ್ಷಕ್ಕೆ ಕಾಲು ಹೆಚ್ಚುಕಡಿಮೆ ಒಂದೂವರೆ ಇಂಚು ಉದ್ದವಾಗುತ್ತದೆ. ಸೊಂಟದ ಸುತ್ತಳತೆ ಮಾತ್ರ ಅಷ್ಟು ಅವಸರ ಮಾಡುವುದಿಲ್ಲ, ವರ್ಷಕ್ಕೆ ಅರ್ಧ ಇಂಚಿನ ಆಚೀಚೆ. ತಲೆಯಂತೂ ಬೆಳೆಯಬೇಕಾದಷ್ಟು ಮೊದಲೇ ಬೆಳೆದುಬಿಟ್ಟಿರುತ್ತದೆ. ಮೂರು ವರ್ಷದ ಮಗುವಿನ ತಲೆಯ ಸುತ್ತಳತೆಯೂ ಸೊಂಟದ ಸುತ್ತಳತೆಯೂ ಹತ್ತಿರ ಹತ್ತಿರ ಒಂದೇ, ಸುಮಾರು 20 ಇಂಚು. ಟೇಪು ಹಿಡಿದು ನೋಡಿ, ನಿಮಗೇ ಆಶ್ಚರ್ಯವಾಗುತ್ತದೆ.

ಹೀಗಾಗಿ ಪಾಯಜಾಮದ ಉದ್ದದಲ್ಲಿ ಧಾರಾಳವಾಗಿರಿ, ಸೊಂಟದಲ್ಲಿ ಬಿಗಿ ಹಿಡಿಯಿರಿ, ಕುಳಿತೇಳುವ ಕಡೆ ಅಗಲ ಕೊಡಿ. ಮೇಲಂಗಿಯ ಕೊರಳಿಗೆ ಕುತ್ತಿಗೆಯ ಜೊತೆ ತಲೆಯ ಅಳತೆಯನ್ನೂ ನೋಡಿ.

ಮಗು ನಿಂತಲ್ಲಿ ನಿಲ್ಲುವುದಿಲ್ಲ, ಅಳತೆ ಹೇಗೆ ತೆಗೆಯಬೇಕು ಎಂದು ಕೇಳುತ್ತಾರೆ. ಸುಲಭದ ದಾರಿ, ಮಗು ಮಲಗಿದಾಗ ತೆಗೆಯುವುದು. ಸೊಂಟದಿಂದ ಹಿಮ್ಮಡಿಯ ಮೇಲಿನ ಗಂಟಿನವರೆಗೆ ಒಂದು ದಾರ ಹಿಡಿದು ಗಂಟು ಹಾಕಿ. ಸೊಂಟ, ಕುಂಡೆ, ಎದೆ, ತಲೆಗೆ ಒಂದೊಂದು ದಾರ. ಬೆಳಿಗ್ಗೆ ಅವನ್ನು ಟೇಪಿನ ಮೇಲೆ ಇಟ್ಟು ಬರೆದುಕೊಳ್ಳಿ. ಮೂರು ವರ್ಷದ ಸಾಧಾರಣ ಮಗುವಿಗೆ ಉದ್ದ 21, ಸೊಂಟ 20, ಕುಂಡೆ 21 ಇಂಚು ಬಂತೆಂದು ಹಿಡಿಯೋಣ. ಅಂಗನವಾಡಿಯಲ್ಲಿ ತೂಕ, ಎತ್ತರ ಬರೆಸಿದ ದಿನವೇ ಈ ಅಳತೆಯನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟರೆ ಮುಂದಿನ ಸಲಕ್ಕೆ ಲೆಕ್ಕ ಸಿಗುತ್ತದೆ.

ಕತ್ತರಿಸುವುದಕ್ಕೆ ಬನ್ನಿ. ಉದ್ದ 21 ಇಂಚು. ಸೊಂಟದಲ್ಲಿ ಎಲಾಸ್ಟಿಕ್ ಹೋಗುವ ಪಟ್ಟಿಗೆ ಒಂದೂವರೆ, ಕೆಳಗಿನ ಮಡಿಕೆಗೆ ಒಂದು, ಹೊಲಿಗೆಗೆ ಅರ್ಧ. ಅಲ್ಲಿಗೆ 24 ಆಯಿತು. ಇದಕ್ಕೆ ಬೆಳವಣಿಗೆಯ ಮೂರು ಇಂಚು ಸೇರಿಸಿ. 27 ಇಂಚು, ಅಂದರೆ ಸರಿಯಾಗಿ ಮುಕ್ಕಾಲು ವಾರ. ಈಗಿನ ಲೆಕ್ಕದಲ್ಲಿ 70 ಸೆಂಟಿಮೀಟರಿಗೆ ಒಂದು ಚೂರು ಕಡಿಮೆ. 36 ಇಂಚು ಅಗಲದ ಅರಿವೆಯನ್ನು ಉದ್ದಕ್ಕೆ ಹಾಸಿ, 15 ಇಂಚಿನಂತೆ ಎರಡು ಪಟ್ಟಿ ಮಾಡಿ. ಒಂದೊಂದು ಕಾಲಿಗೆ ಒಂದೊಂದು ಪಟ್ಟಿ. ಪಕ್ಕದಲ್ಲಿ ಹೊಲಿಗೆಯೇ ಬರುವುದಿಲ್ಲ, ಹಾಗಾಗಿ ಮಗ್ಗುಲಾಗಿ ಮಲಗಿದ ಮಗುವಿಗೆ ಅಲ್ಲಿ ಒತ್ತುವುದಿಲ್ಲ. ಹಾಸಿನ ಎಳೆ ಕಾಲಿನ ಉದ್ದಕ್ಕೆ ಬರಲಿ. ಎಳೆದರೆ ಹಾಸು ಜಗ್ಗುವುದು ಕಡಿಮೆ, ಮೊಣಕಾಲು ಬೇಗ ಉಬ್ಬುವುದಿಲ್ಲ. ಉಳಿದ ಆರು ಇಂಚಿನ ಪಟ್ಟಿಯಲ್ಲಿ ಐದು ಇಂಚಿನ ಒಂದು ಚೌಕ ಕತ್ತರಿಸಿಟ್ಟುಕೊಳ್ಳಿ.

ಈ ಚೌಕವೇ ಇಡೀ ಪಾಯಜಾಮದ ಜೀವ. ಅಂಗಡಿಯ ರೆಡಿಮೇಡ್ ಪ್ಯಾಂಟು ನಿಂತವರ ಅಳತೆಗೆ, ಕುರ್ಚಿಯಲ್ಲಿ ಕೂರುವವರ ಅಳತೆಗೆ ಕತ್ತರಿಸಿದ್ದು. ನಮ್ಮ ಮಕ್ಕಳು ಉಣ್ಣುವುದು ನೆಲದ ಮೇಲೆ, ಆಡುವುದು ಕುಕ್ಕರಗಾಲಲ್ಲಿ, ಮಲಗುವುದು ಕಾಲು ಹೊಟ್ಟೆಗೆ ಎಳೆದುಕೊಂಡು. ಕುಂಡೆಯ ಹೊಲಿಗೆ ಬಿಚ್ಚುವುದು ಅದಕ್ಕೇ. ಮೇಲಿನ ಅಂಚಿನಿಂದ ಒಂಬತ್ತು ಇಂಚು ಕೆಳಗೆ ಗುರುತು ಮಾಡಿ. ಅಲ್ಲಿಯವರೆಗೆ ಎರಡೂ ಪಟ್ಟಿಗಳನ್ನು ಮುಂದೆ ಒಂದು, ಹಿಂದೆ ಒಂದು ಹೊಲಿಗೆಯಿಂದ ಕೂಡಿಸಿ. ಗುರುತಿನಲ್ಲಿ ನಾಲ್ಕು ಕಾಲಂಚುಗಳು ಸೇರುವ ಜಾಗಕ್ಕೆ ಚೌಕವನ್ನು ಮೂಲೆ ಮೇಲಾಗಿ ಇಟ್ಟು, ಒಂದು ಮೂಲೆ ಹೊಟ್ಟೆಯ ಕಡೆ, ಒಂದು ಬೆನ್ನಿನ ಕಡೆ, ಉಳಿದೆರಡು ಒಂದೊಂದು ಕಾಲಿನ ಕಡೆ ಬರುವಂತೆ ಹಚ್ಚಿ. ಸೂಜಿ ಪ್ರತಿ ಮೂಲೆಯಲ್ಲೂ ಅರಿವೆಯೊಳಗೇ ನಿಲ್ಲಬೇಕು. ಮಷೀನಿನ ಪಾದ ಎತ್ತಿ, ಅರಿವೆ ತಿರುಗಿಸಿ, ಪಾದ ಇಳಿಸಿ ಮುಂದಿನ ಅಂಚು ಹಿಡಿಯಬೇಕು. ಮೂಲೆಗಳು ಚೊಕ್ಕಾಗಿ ಬಂದರೆ ಅರ್ಧ ದರ್ಜಿಯಾದಿರಿ ಅಂತಲೇ ತಿಳಿಯಿರಿ. ನಮ್ಮ ಕಡೆಯ ದರ್ಜಿಗಳು ಇಜಾರಕ್ಕೆ, ಪೈಲವಾನರ ಚೊಣ್ಣಕ್ಕೆ ಇಂಥ ತುಂಡನ್ನೇ ಕೊಡುತ್ತಿದ್ದರು. ಬಸ್ಕಿ ಹೊಡೆದರೂ ಬಿಚ್ಚಬಾರದಲ್ಲ!

ಕಾಲಿನ ಕೆಳಭಾಗ 15 ಇಂಚು ಅಗಲ ಬೇಡ. ಕೆಳತುದಿಯಿಂದ ಎಂಟು ಇಂಚು ಮೇಲಕ್ಕೆ ಗುರುತು ಮಾಡಿ, ಅಲ್ಲಿಂದ ಕೆಳಗೆ 10 ಇಂಚು ಅಗಲ ನೆಟ್ಟಗೆ ಉಳಿಸಿ. ಒಂಬತ್ತು ಇಂಚಿನ ಗುರುತಿನಿಂದ ಅಲ್ಲಿಯವರೆಗೆ ಎರಡೂ ಕಡೆ ಓರೆಯಾಗಿ ಇಳಿಸುತ್ತ ಬನ್ನಿ. ತೊಡೆಗೆ ಅಗಲ, ಹೊಲಿಗೆ ಕಳೆದು ಹಿಮ್ಮಡಿಗೆ ಒಂಬತ್ತು ಇಂಚು. ಕತ್ತರಿಸಿದ ಓರೆ ತುಂಡುಗಳನ್ನು ಚೆಲ್ಲಬೇಡಿ, ಕೌದಿಯ ಗಂಟಿಗೆ ಹಾಕಿ.

ಕೆಳಗಿನ ಭಾಗವನ್ನು ನೆಟ್ಟಗೆ ಉಳಿಸಿದ್ದೇಕೆ? ಬೆಳವಣಿಗೆ ಅಡಗಿರುವುದು ಅಲ್ಲೇ. ಕೆಳತುದಿಯನ್ನು ಒಂದು ಇಂಚು ಮಡಚಿ ಮಷೀನ್ ಹೊಲಿಗೆ ಹಾಕಿ. ಅದರ ಮೇಲೆ, ಒಳಭಾಗಕ್ಕೆ ಮುಕ್ಕಾಲು ಇಂಚಿನ ಒಂದು ಮಡಿಕೆ, ಅದರ ಮೇಲೆ ಅಂಥದೇ ಇನ್ನೊಂದು ಮಡಿಕೆ ಹಿಡಿಯಿರಿ. ಮುಕ್ಕಾಲು ಇಂಚಿನ ಮಡಿಕೆ ಬಿಚ್ಚಿದರೆ ಒಂದೂವರೆ ಇಂಚು ಸಿಗುತ್ತದೆ. ವರ್ಷಕ್ಕೆ ಕಾಲು ಬೆಳೆಯುವುದೂ ಒಂದೂವರೆ ಇಂಚು. ಒಂದು ಮಡಿಕೆ ಒಂದು ವರ್ಷ. ಅವಕ್ಕೆ ಮಷೀನ್ ಹಚ್ಚಬೇಡಿ, ಕೈಯಿಂದ ಉದ್ದುದ್ದ ಟಾಕಿ ಹಾಕಿ. ಯುಗಾದಿಯ ಮುಂಚೆ ಒಂದು ಜಗ್ಗಿದರೆ ದಾರ ಬಿಚ್ಚಿಬರಬೇಕು. ಬಿಚ್ಚಿದ ಜಾಗದಲ್ಲಿ ಬಣ್ಣ ಗಾಢವಾಗಿದ್ದು ಗೆರೆ ಕಾಣುತ್ತದೆ ಎಂದು ಕೆಲವರಿಗೆ ಮುಜುಗರ. ಕೋರಾ ಅಥವಾ ತಿಳಿ ಬಣ್ಣದ ಅರಿವೆ ತಂದರೆ ಅದೂ ಕಾಣದು.

ಸೊಂಟಕ್ಕೆ ಲಾಡಿಯೋ ಎಲಾಸ್ಟಿಕ್ಕೋ? ಲಾಡಿ ಅಗ್ಗ, ಬಾಳಿಕೆ ಹೆಚ್ಚು. ಆದರೆ ನಡುರಾತ್ರಿ ಅವಸರದಲ್ಲಿ ಎದ್ದ ಮಗು ಸರಗುಣಿಕೆಯನ್ನು ಕಗ್ಗಂಟು ಮಾಡಿಕೊಂಡರೆ ಏನಾಗುತ್ತದೆ ಎಂಬುದು ತಾಯಂದಿರಿಗೆ ಗೊತ್ತು. ತಾನೇ ಇಳಿಸಿ ತಾನೇ ಏರಿಸಿಕೊಳ್ಳುವುದನ್ನು ಕಲಿಯುವ ವಯಸ್ಸಿಗೆ ಎಲಾಸ್ಟಿಕ್ಕೇ ಸರಿ. ಸೊಂಟ 20 ಇದ್ದರೆ ಸುತ್ತಳತೆಗೆ 18 ಇಂಚು. ಆದರೆ 20 ಇಂಚು ತುಂಡು ತೆಗೆದುಕೊಂಡು, ತುದಿಗಳನ್ನು ಎರಡು ಇಂಚು ಒಂದರ ಮೇಲೊಂದು ಇಟ್ಟು ಹೊಲಿಯಿರಿ. ಪಟ್ಟಿಯಲ್ಲಿ ಬೆನ್ನಿನ ಕಡೆ ಒಂದು ಸಣ್ಣ ಬಾಯಿ ಬಿಡಿ. ಬಿಗಿಯಾಯಿತು ಅನ್ನಿಸಿದಾಗ ಅಲ್ಲಿಂದ ಹೊರಗೆಳೆದು ಅರ್ಧ ಇಂಚು ಸಡಿಲಿಸಬಹುದು. ಬೆಳಿಗ್ಗೆ ಮಗುವಿನ ಸೊಂಟದಲ್ಲಿ ಕೆಂಪು ಬರೆ ಕಂಡರೆ ಆ ದಿನವೇ ಸಡಿಲಿಸಿ.

ಹೊಲಿಯಲು ಮಷೀನು ಇರಲೇಬೇಕೇ? ನಾನು ಹೊಲಿಗೆ ಹೇಳಿಕೊಡುವ ಕಡೆ ಮುಂಡರಗಿ ಸೀಮೆಯ ಒಬ್ಬ ಹೆಣ್ಣುಮಗಳು ಕೇಳಿದಳು: “ಅಕ್ಕಾರ, ಮಷೀನ ಇಲ್ಲದವರು ಏನ್ ಮಾಡಬೇಕ್ರಿ?” ಪಕ್ಕದಲ್ಲಿದ್ದ ಹಿರಿಯಾಕೆ ನನಗಿಂತ ಮೊದಲೇ ಉತ್ತರ ಕೊಟ್ಟರು: “ಯವ್ವಾ, ಕೌದಿ ಯಾರ್ ಮಷೀನಿನಾಗ ಹೊಲದಾರು?” ನಿಜ. ಮಗುವಿನ ಪಾಯಜಾಮದಲ್ಲಿ ಉದ್ದದ ಹೊಲಿಗೆ ಇರುವುದು ನಾಲ್ಕೇ. ಕೈಹೊಲಿಗೆಯಾದರೆ ಸೂಜಿಯನ್ನು ಪ್ರತಿ ಸಲ ಅರ್ಧ ಟಾಕಿ ಹಿಂದಕ್ಕೆ ತಂದು ಮುಂದೆ ಹೊಡೆಯಿರಿ, ಗಟ್ಟಿ ನಿಲ್ಲುತ್ತದೆ. ಮಷೀನಾದರೆ ತೆಳು ಹತ್ತಿಗೆ 11 ನಂಬರ್ ಸೂಜಿ, ಪಾಪ್ಲಿನ್ ದಪ್ಪದ್ದಕ್ಕೆ 14 ನಂಬರ್, ಒಂದು ಇಂಚಿಗೆ 10ರಿಂದ 12 ಟಾಕಿ. ಯಂತ್ರಗಳ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಾಗಿದ್ದ ಗಾಂಧೀಜಿ ಕೂಡ 1924ರಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟರು. ಹೆಂಡತಿಯ ಕೈ ದಣಿಯುವುದನ್ನು ನೋಡಲಾರದೆ ಸಿಂಗರ್ ಅದನ್ನು ಮಾಡಿದ ಎಂಬ ಕಥೆ ಅವರಿಗೆ ಹಿಡಿಸಿತ್ತು. ಕಥೆ ಎಷ್ಟು ನಿಜವೋ, ದಣಿವು ಮಾತ್ರ ನಿಜ.

ಹೊಲಿಗೆಯ ಅಂಚು ಒಳಗೆ ಬಿಡಬೇಡಿ. ಒಂದು ಅಂಚನ್ನು ಸಣ್ಣಗೆ ಕತ್ತರಿಸಿ, ಇನ್ನೊಂದನ್ನು ಅದರ ಮೇಲೆ ಮಡಚಿ ಹೊರಮೈಯಲ್ಲಿ ಎರಡನೇ ಹೊಲಿಗೆ ಹಾಕಿ. ಎಳೆ ಬಿಚ್ಚುವುದೂ ಇಲ್ಲ, ಮೈಗೆ ಚುಚ್ಚುವುದೂ ಇಲ್ಲ. ಹಗಲಿನ ಅರಿವೆಯ ಅಂದ ಹೊರಗೆ ಇರಬೇಕು, ರಾತ್ರಿಯ ಅರಿವೆಯ ಅಂದ ಒಳಗೆ.

ಮೇಲಂಗಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎದೆಯ ಸುತ್ತಳತೆಗೆ ಐದು ಇಂಚು ಸೇರಿಸಿ, ಮುಂದೆ-ಹಿಂದೆ ಎರಡು ಚೌಕ, ಎರಡು ನೆಟ್ಟ ತೋಳು, ಕಂಕುಳಲ್ಲಿ ಸಣ್ಣ ಚೌಕ ತುಂಡು. ತೋಳಿನ ಒಳಗೂ ಒಂದು ಮಡಿಕೆ ಹಿಡಿಯಿರಿ. ಕಷ್ಟ ಇರುವುದು ಕೊರಳಲ್ಲಿ. ಕುತ್ತಿಗೆಯ ಸುತ್ತಳತೆ 10 ಇಂಚು, ತಲೆ 20. ಕುತ್ತಿಗೆಗೆ ಕೂಡುವಂತೆ ಕತ್ತರಿಸಿದರೆ ತಲೆ ತೂರುವುದಿಲ್ಲ, ತಲೆಗೆ ಕೂಡುವಂತೆ ಕತ್ತರಿಸಿದರೆ ಭುಜದಿಂದ ಜಾರುತ್ತದೆ. ದಾರಿ ಒಂದೇ. ಕೊರಳನ್ನು ಕುತ್ತಿಗೆಗಿಂತ ಸ್ವಲ್ಪ ದೊಡ್ಡದಾಗಿ ಕತ್ತರಿಸಿ, ಎಡಭುಜದ ಹೊಲಿಗೆಯನ್ನು ಅರ್ಧ ತೆರೆದಿಟ್ಟು, ಅಲ್ಲಿಗೆ ಪಟ್ಟಿ ಕೊಟ್ಟು ಎರಡು ಟಿಚ್ ಬಟನ್ ಹಚ್ಚಿ. ಪಾಯಜಾಮ, ಮೇಲಂಗಿ ಎರಡಕ್ಕೂ ಸೇರಿ 36 ಇಂಚು ಅಗಲದ್ದು ಒಂದೂಮುಕ್ಕಾಲು ಮೀಟರ್ ಸಾಕು.

ಇನ್ನು ಎಚ್ಚರಿಕೆಯ ಮಾತು. ಹತ್ತಿಯನ್ನು ಇಷ್ಟು ಹೊಗಳಿದ ಮೇಲೆ ಅದರ ಒಂದು ದೋಷವನ್ನೂ ಹೇಳಬೇಕು. ಸಡಿಲವಾಗಿ ಜೋತಾಡುವ ಹತ್ತಿ ಅರಿವೆಗೆ ಬೆಂಕಿ ಬೇಗ ತಗಲುತ್ತದೆ. ನಮ್ಮ ಹಳ್ಳಿಮನೆಗಳಲ್ಲಿ ಬೆಳಗಿನ ಹೊತ್ತು ಬಚ್ಚಲ ಒಲೆ ಉರಿಯುತ್ತಿರುತ್ತದೆ, ಚಳಿಗೆ ಎದ್ದ ಮಗು ನೇರ ಅದರ ಮುಂದೆ ಹೋಗಿ ಕೂರುತ್ತದೆ. ಈ ಚಿಂತೆ ನಮ್ಮದೊಂದೇ ಅಲ್ಲ. ಅಮೆರಿಕದಲ್ಲಿ 1970ರ ದಶಕದ ಮೊದಲಲ್ಲಿ ಮಕ್ಕಳ ರಾತ್ರಿ ಉಡುಪು ಬೆಂಕಿ ತಡೆಯಬೇಕೆಂದು ಕಾಯಿದೆ ಮಾಡಿದರು. ಕಂಪನಿಗಳು ಅದಕ್ಕಾಗಿ ಅರಿವೆಗೆ ಟ್ರಿಸ್ ಎಂಬ ರಾಸಾಯನಿಕ ಹಚ್ಚಿದವು. ಅದು ಕ್ಯಾನ್ಸರಿಗೆ ಕಾರಣವಾದೀತೆಂದು ಕಂಡುಬಂದು 1977ರಲ್ಲಿ ನಿಷೇಧವಾಯಿತು. ಕೊನೆಗೆ 1996ರಲ್ಲಿ ನಿಯಮ ತಿದ್ದಿ, ಮೈಗೆ ಹತ್ತಿಕೊಂಡಿರುವ ಉಡುಪಾದರೆ ರಾಸಾಯನಿಕವಿಲ್ಲದ ಹತ್ತಿಯೂ ನಡೆಯುತ್ತದೆ ಎಂದರು. ಅರಿವೆ ಮೈಗೆ ಹತ್ತಿರವಿದ್ದರೆ ಒಳಗೆ ಗಾಳಿ ಆಡುವುದು ಕಡಿಮೆ, ಜ್ವಾಲೆಗೆ ಸಿಗುವ ಜೋತುಬಿದ್ದ ಅಂಚೂ ಇರುವುದಿಲ್ಲ.

ಹಿಮ್ಮಡಿಯ ಹತ್ತಿರ ಒಂಬತ್ತೇ ಇಂಚು ಇಡಿ ಅಂದದ್ದು ಇದಕ್ಕೇ. ದೊಡ್ಡದಾಗಿ ಹೊಲಿದ ಅರಿವೆ ಎಡವಿಸುವುದಷ್ಟೇ ಅಲ್ಲ, ಒಲೆಯ ಮುಂದೆ ಅಪಾಯವನ್ನೂ ತರುತ್ತದೆ. ಬೆಳವಣಿಗೆ ಮಡಿಕೆಯೊಳಗೆ ಇರಲಿ, ಹೊರಗೆ ಜೋತಾಡುವುದು ಬೇಡ. ಆದರೂ ಒಲೆಗೂ ಮಗುವಿಗೂ ನಡುವೆ ದೊಡ್ಡವರು ಯಾರಾದರೂ ಇರಲೇಬೇಕು, ಆ ಕೆಲಸವನ್ನು ಯಾವ ಅರಿವೆಯೂ ಮಾಡುವುದಿಲ್ಲ. ಕೊರಳಿಗೆ ಲಾಡಿ, ದಾರ, ರಿಬ್ಬನ್ ಬೇಡವೇ ಬೇಡ. ಕುಂಚಿಗಿಯ ಕಸಿ ಕಟ್ಟಿ ಮಲಗಿಸುವುದೂ ಬೇಡ, ಹೊರಗೆ ಕರೆದೊಯ್ಯುವಾಗ ಮಾತ್ರ ಕಟ್ಟಿ. ಗುಂಡಿ, ಮಣಿ, ಚಮಕಿ ರಾತ್ರಿಯ ಅರಿವೆಯಲ್ಲಿ ಇರಬಾರದು, ಕಿತ್ತು ಬಾಯಿಗೆ ಹಾಕಿಕೊಳ್ಳುವ ವಯಸ್ಸು. ಟಿಚ್ ಬಟನ್ನನ್ನೂ ವಾರಕ್ಕೊಮ್ಮೆ ಜಗ್ಗಿ ನೋಡಿ.

ಇಷ್ಟೆಲ್ಲ ಯಾಕೆ, ಟೇಲರ್ ಹತ್ತಿರ ಕೊಟ್ಟರಾಗದೇ ಎಂದು ನೀವು ಕೇಳಬಹುದು. ಅವರ ಕಷ್ಟವೂ ನಮಗೆ ತಿಳಿದಿರಬೇಕು. ದೊಡ್ಡವರ ಅಂಗಿಗೂ ಎರಡು ತೋಳು, ಒಂದು ಕೊರಳು. ಮಗುವಿನ ಅಂಗಿಗೂ ಅಷ್ಟೇ. ಕೆಲಸ ಒಂದೇ, ಸಣ್ಣದಾದ್ದರಿಂದ ಕೈಗೆ ಹಿಡಿತ ಇನ್ನೂ ಕಷ್ಟ. ಆದರೆ ಕೂಲಿಯನ್ನು ನಾವು ಅರಿವೆಯ ಅಳತೆಗೆ ತಕ್ಕಂತೆ ಕೊಡುತ್ತೇವೆ. ಅದಕ್ಕೇ ಎಷ್ಟೋ ಟೇಲರುಗಳು ಮಕ್ಕಳದ್ದನ್ನು ಹಿಡಿಯುವುದನ್ನೇ ಬಿಟ್ಟಿದ್ದಾರೆ. ಇತ್ತ ಊರೂರಲ್ಲಿ ಸ್ತ್ರೀಶಕ್ತಿ ಸಂಘದ ಸಾಲದಿಂದಲೋ, ತವರಿನ ಉಡುಗೊರೆಯಾಗಿಯೋ ಬಂದ ಮಷೀನುಗಳಿವೆ. ಅವುಗಳ ಮೇಲೆ ಜಂಪರು, ಸೀರೆಯ ಫಾಲ್, ಪಿಕೋ ಆಗುತ್ತವೆ. ಅದೇ ಮನೆಯ ಮಗು ಮಾತ್ರ ಸಂತೆಯಿಂದ ತಂದ ಪಾಲಿಯೆಸ್ಟರಿನಲ್ಲಿ ಬೆವರುತ್ತದೆ. ಮಷೀನೂ ಇದೆ, ಕೈಯೂ ಇದೆ. ಮಗುವಿನ ಅಳತೆಯ ಲೆಕ್ಕ ಸೇರಿದರೆ ಮನೆಗೂ ಆಯಿತು, ಓಣಿಯ ನಾಲ್ಕು ಮಕ್ಕಳಿಗೆ ಹೊಲಿದುಕೊಟ್ಟು ನಾಲ್ಕು ಕಾಸು ದುಡಿದಂತೆಯೂ ಆಯಿತು.

ನೇಕಾರರಿಗೂ ಇದರಲ್ಲಿ ಪಾಲಿದೆ. ಬೆಟಗೇರಿಯ ಮಗ್ಗಗಳು ಹೆಚ್ಚಾಗಿ ಸೀರೆಯನ್ನೇ ನಂಬಿವೆ, ಸೀರೆ ಉಡುವವರು ಕಡಿಮೆಯಾಗುತ್ತಿದ್ದಾರೆ. ಮಕ್ಕಳು ಕಡಿಮೆಯಾದರೂ ಪ್ರತಿ ಮಗುವೂ ಪ್ರತಿ ರಾತ್ರಿ ಮಲಗಲೇಬೇಕು. ಸಾದಾ ಹತ್ತಿಯ, ತಿಳಿ ಬಣ್ಣದ, 36 ಇಂಚು ಅಗಲದ ಅರಿವೆ ನೇಯಿರಿ ಎಂದು ಕೇಳುವ ಗಿರಾಕಿಗಳು ಹುಟ್ಟಿದರೆ, ನೇಯುವ ಕೈಗಳಿಗೆ ಅದೇನು ಅಸಾಧ್ಯದ ಕೆಲಸವಲ್ಲ. ಸದ್ಯಕ್ಕೆ ಅಂಥ ಅರಿವೆ ಸಿಗದಿದ್ದರೆ ಒಂದು ಸಾದಾ ಹತ್ತಿ ಸೀರೆ ಕೊಳ್ಳಿ. 45 ಇಂಚು ಅಗಲ, ಐದೂವರೆ ಮೀಟರ್ ಉದ್ದ. ಮನೆಯ ಮಗುವಿಗೆ, ಅಕ್ಕನ ಮಗುವಿಗೆ, ಪಕ್ಕದ ಮನೆಯ ಮಗುವಿಗೆ ಸೇರಿ ಮೂರು ಜೊತೆ ಧಾರಾಳವಾಗಿ ಆಗುತ್ತವೆ. ಸೀರೆಯ ಅಂಚನ್ನು ಕಾಲಿನ ಕೆಳಗೆ ಹಚ್ಚಿದರೆ ಶೋಭೆಯೂ ಬಂತು.

ಕೊನೆಯದಾಗಿ ಒಂದು ಸಲಹೆ. ಕಲಿಯುವವರು ಅಂಗಿಯಿಂದ ಶುರು ಮಾಡಬೇಡಿ, ಪಾಯಜಾಮದಿಂದ ಶುರು ಮಾಡಿ, ಅದರಲ್ಲಿ ಕೊರಳಿನ ಕಾಟ ಇಲ್ಲ. ಮೊದಲನೆಯದನ್ನು ಮನೆಯಲ್ಲಿರುವ ಹಳೆಯ ಧೋತರದಲ್ಲಿ ಹೊಲಿಯಿರಿ. ಕೆಟ್ಟರೆ ನೆಲ ಒರೆಸುವ ಅರಿವೆಯಾದೀತು, ನಷ್ಟವಿಲ್ಲ. ಸರಿ ಬಂದರೆ ಮಗುವಿಗೆ ಹಾಕಿ, ಕುಕ್ಕರಗಾಲಲ್ಲಿ ಕೂರಿಸಿ, ಓಡಿಸಿ, ಒಂದು ರಾತ್ರಿ ಮಲಗಿಸಿ ನೋಡಿ. ಎಲ್ಲಿ ಜಗ್ಗಿತು, ಎಲ್ಲಿ ಸಡಿಲಾಯಿತು ಎಂಬುದನ್ನು ಸೀಸದ ಕಡ್ಡಿಯಿಂದ ಅರಿವೆಯ ಮೇಲೇ ಗುರುತು ಮಾಡಿ, ಹೊಲಿಗೆ ಬಿಚ್ಚಿ ಇಸ್ತ್ರಿ ಮಾಡಿದರೆ ಅದೇ ನಿಮ್ಮ ಮನೆಯ ನಮೂನೆ. ಆಮೇಲೆ ಬೆಟಗೇರಿಗೆ ಹೋಗಿ, ಒಂದೂಮುಕ್ಕಾಲು ಮೀಟರ್ ಹೊಸ ಅರಿವೆಗೆ ದುಡ್ಡು ಕೊಡಿ.